ಬಿಲ್ಲೆ ಮೇಲೆ ಹೆಂಡತಿ ಹೆಸರು

ಸಮುದ್ರದ ತಳದಲ್ಲಿ 79 ವರ್ಷ ಬಿದ್ದಿದ್ದ ಒಂದು ಬಿಲ್ಲೆ. ಎರಡು ಇಂಚು ಉದ್ದ, ಒಂದು ಇಂಚಿಗಿಂತ ಚೂರು ಜಾಸ್ತಿ ಅಗಲ, ಸೋಲ್ಜರ್‌ಗಳು ಕುತ್ತಿಗೆಗೆ ಹಾಕ್ಕೊಳ್ತಾರಲ್ಲ ಅದು. ಉಪ್ಪುನೀರು ಅಲ್ಲಲ್ಲಿ ತಿಂದುಹಾಕಿದೆ, ಆದ್ರೂ ಓದೋಕಾಗುತ್ತೆ. ಅದನ್ನ ಹಾಕ್ಕೊಂಡಿದ್ದವನ ಹೆಸರು ಇದೆ, ಅದರ ಜೊತೆಗೆ ಏನಾದ್ರೂ ಆದ್ರೆ ಯಾರಿಗೆ ತಿಳಿಸಬೇಕು ಅನ್ನೋ ಜಾಗದಲ್ಲಿ ಅವನ ಹೆಂಡತಿ ಹೆಸರೂ ಇದೆ.

2025ರ ಮೇ ತಿಂಗಳ ಕೊನೇ ವಾರ, ರಾತ್ರಿ ಊಟ ಆಗಿ ಪಾತ್ರೆ ತೊಳೆದು ಕೂತ್ಕೊಂಡು ಮೊಬೈಲಲ್ಲಿ ಸುಮ್ನೆ ನ್ಯೂಸ್ ನೋಡ್ತಿದ್ದಾಗ ಇದು ಸಿಕ್ತು. ಎರಡನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಉತ್ತರಕ್ಕಿರೋ ನ್ಯೂಗಿನಿ ದ್ವೀಪದ ಹತ್ರ ಸಮುದ್ರಕ್ಕೆ ಬಿದ್ದ ಅಮೆರಿಕದ ಬಾಂಬರ್ ಒಂದರಲ್ಲಿದ್ದ ನಾಲ್ಕು ಜನರ ಅಸ್ಥಿ ಈಗ ಅವರವರ ಊರಿಗೆ ವಾಪಸ್ ಬರ್ತಿದೆ ಅಂತ. ವಿಮಾನಕ್ಕೆ ಅದರ ಹುಡುಗರು ಇಟ್ಟಿದ್ದ ಹೆಸರು ಹೆವನ್ ಕ್ಯಾನ್ ವೇಯ್ಟ್, ಅಂದ್ರೆ ಸ್ವರ್ಗಕ್ಕೇನು ಅವಸರ, ಅದು ಕಾಯಲಿ ಅಂತ. ಯುದ್ಧದ ಸುದ್ದಿ ನಾನು ಸಾಮಾನ್ಯವಾಗಿ ಓದೋಳಲ್ಲ, ಆದ್ರೆ ಎರಡನೇ ಸಾಲಲ್ಲಿ ಬಿ-24 ಲಿಬರೇಟರ್ ಅಂತ ಇತ್ತು ನೋಡಿ, ಅಲ್ಲೇ ನಿಂತುಬಿಟ್ಟೆ. ಲಿಬರೇಟರ್ ಅನ್ನೋ ಪದ ನಾನು ಎಬಿಸಿಡಿ ಕಲಿಯೋಕೆ ಮುಂಚೆ ಕಲಿತಿದ್ದು. ನಮ್ಮ ತಾತನ ಬಾಯಲ್ಲಿ.

ತಾತ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ರು. 1949ರಲ್ಲಿ ಸೇರಿದಾಗ ಅವರಿಗೆ 19 ವರ್ಷ. ಆಗ ಎಚ್‌ಎಎಲ್‌ಗೆ ಒಂದು ವಿಚಿತ್ರವಾದ ಕೆಲಸ ಬಂದಿತ್ತು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಒಂದು ದೊಡ್ಡ ಮೈದಾನದ ತುಂಬಾ ಲಿಬರೇಟರ್ ವಿಮಾನಗಳನ್ನ ಬಿಟ್ಟುಹೋಗಿದ್ರು, ಬಿಟ್ಟುಹೋಗೋ ಮುಂಚೆ ಇನ್ಯಾರೂ ಬಳಸಬಾರದು ಅಂತ ಬೇಕಂತಲೇ ಕೆಡಿಸಿ ಹಾಕಿದ್ರು, ಆದ್ರೂ ನಮ್ಮವರು ಒಂದರ ಪಾರ್ಟ್ ಇನ್ನೊಂದಕ್ಕೆ ಹಾಕಿ ನಲವತ್ತರಷ್ಟು ವಿಮಾನಗಳನ್ನ ಹೇಗೋ ಹಾರೋ ಸ್ಥಿತಿಗೆ ತಂದು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸ್ಕೊಂಡು ಬಂದ್ರು. ಬಹಳಷ್ಟನ್ನ ತಂದಿದ್ದು ಎಚ್‌ಎಎಲ್‌ನ ಪೈಲಟ್ ಜಮ್ಶೆಡ್ ಮುನ್ಷಿ ಅವರು. ಇಲ್ಲಿ ಅವನ್ನೆಲ್ಲಾ ಬಿಚ್ಚಿ ಮತ್ತೆ ಕಟ್ಟಿ ಏರ್‌ಫೋರ್ಸ್‌ಗೆ ಕೊಟ್ರು, 1968ರ ತನಕ ಅವು ಹಾರಾಡಿದ್ವು. ಹದಿನೆಂಟು ಸಾವಿರಕ್ಕೂ ಮೇಲೆ ತಯಾರಾದ ವಿಮಾನ ಅದು, ಇವತ್ತು ಪ್ರಪಂಚದಲ್ಲಿ ಉಳಿದಿರೋದು ಬೆರಳೆಣಿಕೆಯಷ್ಟು, ಆ ಉಳಿದಿರೋದ್ರಲ್ಲೂ ಹಲವು ಹೀಗೆ ನಮ್ಮ ಕೈಯಲ್ಲಿ ಬದುಕಿದವೇ. ತಾತನಿಗೆ ಅದೊಂದು ದೊಡ್ಡ ಹೆಮ್ಮೆ. ಯುದ್ಧದ ಟೈಮಲ್ಲಂತೂ ಎಚ್‌ಎಎಲ್ ಅಮೆರಿಕದವರ ಕೈಯಲ್ಲೇ ಇತ್ತು, ಬೆಳ್ಳಂದೂರು ಕೆರೆ ನೀರ ಮೇಲೆ ಕ್ಯಾಟಲೀನಾ ವಿಮಾನ ಬಂದು ಇಳೀತಿತ್ತು, ಅದನ್ನೂ ಹೇಳೋರು. ಅದು ಇನ್ನೊಂದು ಕಥೆ, ಇರಲಿ.

ಲಿಬರೇಟರ್ ಹೊಟ್ಟೆಯೊಳಗೆ ಹೇಗಿರುತ್ತೆ ಅಂತ ತಾತ ನಂಗೆ ಕೈ ಅಗಲಿಸಿ ತೋರಿಸ್ತಿದ್ದ ರೀತಿ ಇನ್ನೂ ಕಣ್ಣಮುಂದೆ ಇದೆ. ಬಾಂಬ್ ಇಡೋ ಜಾಗ ವಿಮಾನದ ಮಧ್ಯದಲ್ಲಿ. ಮುಂದಿನಿಂದ ಹಿಂದಕ್ಕೆ ಹೋಗಬೇಕು ಅಂದ್ರೆ ಆ ಬಾಂಬ್‌ಗಳ ಮಧ್ಯೆ ಇರೋ ಒಂದು ಹಲಗೆ ಥರದ ಪಟ್ಟಿ ಮೇಲೇ ನಡೀಬೇಕು. ಅದರ ಅಗಲ ಎಷ್ಟು ಗೊತ್ತಾ? ತಾತ ಹೆಬ್ಬೆರಳು ಕಿರುಬೆರಳು ಚಾಚಿ ಟೇಬಲ್ ಮೇಲೆ ಇಟ್ಟು ತೋರಿಸೋರು. "ಒಂದು ಗೇಣು ಪುಟ್ಟಿ, ಒಂದೇ ಗೇಣು. ಪ್ಯಾರಾಚೂಟ್ ಹಾಕ್ಕೊಂಡ್ರೆ ಹೋಗೋಕೇ ಆಗಲ್ಲ, ಸಿಕ್ಕಾಕ್ಕೊಳ್ತಾರೆ." ಕೆಳಗಡೆ ಬಾಗಿಲು ನಮ್ಮ ಅಂಗಡಿ ಶಟರ್ ಥರಾನೇ, ತೆಳ್ಳಗಿನ ತಗಡು, ಪಕ್ಕದ ಗೋಡೆ ಮೇಲೆ ಸುತ್ತಿಕೊಂಡು ಹೋಗುತ್ತೆ. ಅದರ ಮೇಲೆ ಕಾಲಿಟ್ರೆ ತಗಡು ಕಿತ್ತುಕೊಂಡು ಮನುಷ್ಯ ಸೀದಾ ಕೆಳಗೆ.

ಈ ಶಟರ್ ವಿಷಯ ಯಾಕೆ ಹೇಳ್ತಿದೀನಿ ಅಂದ್ರೆ, ಸಮುದ್ರದ ಮೇಲೆ ಬಿದ್ದಾಗ ಲಿಬರೇಟರ್ ಯಾಕೆ ಅಷ್ಟು ಜನರನ್ನ ತಿಂದುಹಾಕ್ತು ಅನ್ನೋದಕ್ಕೆ ಉತ್ತರ ಅಲ್ಲೇ ಇದೆ. ಕೆಲವು ವಿಮಾನದಲ್ಲಿ ರೆಕ್ಕೆ ಕೆಳಗಿರುತ್ತೆ, ನೀರಿಗೆ ಬಿದ್ರೆ ರೆಕ್ಕೆ ದೋಣಿ ಥರ ಚೂರು ಹೊತ್ತು ತೇಲಿಸುತ್ತೆ, ಒಳಗಿರೋರಿಗೆ ಹೊರಗೆ ಬರೋಕೆ ಟೈಮ್ ಸಿಗುತ್ತೆ. ಲಿಬರೇಟರ್‌ಗೆ ರೆಕ್ಕೆ ಮೇಲೆ, ಭುಜದ ಹತ್ರ. ಅದು ಉದ್ದನೆಯ ಸಣ್ಣಗಿನ ರೆಕ್ಕೆ, ತುದಿಯಿಂದ ತುದಿಗೆ 110 ಅಡಿ, ಅದರಿಂದ್ಲೇ ಅದು ಆಗಿನ ಬಹಳಷ್ಟು ಬಾಂಬರ್‌ಗಳಿಗಿಂತ ದೂರ ಹೋಗ್ತಿತ್ತು, ಪೆಸಿಫಿಕ್‌ಗೆ ಅದನ್ನೇ ಕಳಿಸಿದ್ದೂ ಅದಕ್ಕೇ. ಆದ್ರೆ ನೀರಿಗೆ ಮೊದಲು ತಾಗೋದು ಹೊಟ್ಟೆ, ಹೊಟ್ಟೆಯಲ್ಲಿ ಇರೋದು ಶಟರ್. ಅದು ಒಡೆದು ನೀರು ಒಳಗೆ ನುಗ್ಗಿ ವಿಮಾನ ನಡುವಲ್ಲೇ ಮುರಿದುಹೋಗ್ತಿತ್ತು. ಹೆವನ್ ಕ್ಯಾನ್ ವೇಯ್ಟ್‌ಗೆ ಅಷ್ಟೂ ಅವಕಾಶ ಸಿಗ್ಲಿಲ್ಲ, ಅದಕ್ಕೆ ಬೆಂಕಿನೇ ಮುಂಚೆ ಬಂತು.

1944ರ ಮಾರ್ಚ್ 11. ನ್ಯೂಗಿನಿಯ ನಾಡ್ಜಾಬ್ ಅನ್ನೋ ಏರ್‌ಬೇಸಿಂದ ಹೊರಟ್ರು. ಉತ್ತರ ಕರಾವಳಿಯಲ್ಲಿ ಮಡಾಂಗ್‌ಗೂ ವೀವಾಕ್‌ಗೂ ಮಧ್ಯೆ ಹಾನ್ಸಾ ಕೊಲ್ಲಿ ಅಂತ ಇದೆ, ಅಲ್ಲಿ ಜಪಾನಿಯರ ವಿಮಾನ ಹೊಡೆಯೋ ಫಿರಂಗಿಗಳು ಸಾಲಾಗಿ ಇದ್ವು, ಅವನ್ನ ಹೊಡೀಬೇಕು. ಅಂದ್ರೆ ಯೋಚ್ನೆ ಮಾಡಿ, ತಮ್ಮನ್ನ ಹೊಡೆಯೋಕೆ ಅಂತಲೇ ಇಟ್ಟಿರೋ ಫಿರಂಗಿಗಳ ತಲೆ ಮೇಲೇ ಹೋಗಬೇಕಾದ ಕೆಲಸ. ಆರು ವಾರ ಆದ್ಮೇಲೆ, ಏಪ್ರಿಲ್ 22ಕ್ಕೆ, ಮಿತ್ರಪಡೆ ಇಳಿದಿದ್ದು ಹಾನ್ಸಾ ಕೊಲ್ಲಿಯಲ್ಲಲ್ಲ, ಅದನ್ನ ದಾಟಿ ಪಶ್ಚಿಮಕ್ಕೆ ಎಷ್ಟೋ ದೂರದ ಹೊಲಾಂಡಿಯಾದಲ್ಲಿ, ಹಾನ್ಸಾ ಕೊಲ್ಲಿಯನ್ನ ಪಕ್ಕಕ್ಕೆ ಬಿಟ್ಟು ಮುಂದೆ ಹೋಗಿಬಿಟ್ರು. ಇದನ್ನ ಓದಿದಾಗ ನಂಗೆ ತುಂಬಾ ಹೊತ್ತು ಏನೂ ತೋಚ್ಲಿಲ್ಲ.

ಒಳಗಿದ್ದಿದ್ದು 11 ಜನ. ಪೈಲಟ್ ಹರ್ಬರ್ಟ್ ಟೆನಿಸನ್, 24 ವರ್ಷ, ಕ್ಯಾನ್ಸಸ್‌ನ ವಿಚಿಟಾ ಊರಿನವನು. ದಾರಿ ಲೆಕ್ಕ ಹಾಕೋ ನ್ಯಾವಿಗೇಟರ್ ಡೊನಾಲ್ಡ್ ಶೆಪಿಕ್, 26. ರೇಡಿಯೋ ನೋಡ್ಕೊಳ್ತಿದ್ದ ಯೂಜೀನ್ ಡ್ಯಾರಿಗನ್, ಅವನಿಗೂ 26. ಬಾಂಬ್ ಬಿಡೋ ಬಾಂಬಾರ್ಡಿಯರ್ ಥಾಮಸ್ ಕೆಲ್ಲಿ, ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ದನಕರು ಸಾಕೋ ಮನೆಯ ಹುಡುಗ, 21 ವರ್ಷ. ನನ್ನ ಚಿಕ್ಕ ತಮ್ಮನಿಗೆ ಈಗ 24, ಇನ್ನೂ ಬೈಕಲ್ಲಿ ಲೇಟಾಗಿ ಬಂದ್ರೆ ಅಮ್ಮ ಬಾಲ್ಕನಿಯಲ್ಲೇ ನಿಂತಿರ್ತಾರೆ.

ಶೆಪಿಕ್ ಹೆಂಡತಿಯೂ ಟೆನಿಸನ್ ಹೆಂಡತಿಯೂ ಇಬ್ಬರೂ ಆಗ ಬಸುರಿ. ಗಂಡಂದಿರಿಗೆ ಕೆಲವೊಮ್ಮೆ ದಿನಕ್ಕೆ ಎರಡು ಮೂರು ಕಾಗದ ಬರೀತಿದ್ರಂತೆ. ಡ್ಯಾರಿಗನ್‌ಗೆ ಆಗಲೇ ಒಂದು ಪುಟ್ಟ ಗಂಡು ಮಗು, ರಜೆ ಮೇಲೆ ಹೋದಾಗ ಮಗುವಿನ ನಾಮಕರಣಕ್ಕೆ ಸಿಕ್ಕಿದ್ದ, ಯೂನಿಫಾರ್ಮ್ ಹಾಕ್ಕೊಂಡು ಮಗುನ ಎತ್ಕೊಂಡು ನಗ್ತಿರೋ ಫೋಟೋ ಒಂದು ಇದೆ. ಅಷ್ಟೇ.

ಪಕ್ಕದಲ್ಲಿ ಹಾರ್ತಿದ್ದ ವಿಮಾನದವರು ಕಣ್ಣಾರೆ ನೋಡಿದ್ದನ್ನ ಹೇಳಿದ್ದು ದಾಖಲೆಯಲ್ಲಿ ಇದೆ. ಬಾಂಬ್ ಇಡೋ ಜಾಗದಿಂದ ಬೆಂಕಿ ಎದ್ದಿದೆ, ನೋಡ್ತಾ ನೋಡ್ತಾ ಬಾಲದ ತನಕ ಹಬ್ಬಿದೆ. ಆ ಒಂದು ಗೇಣು ಪಟ್ಟಿ ಇರೋ ಜಾಗವೇ ಅದು. ವಿಮಾನ ಜೋರಾಗಿ ಮೂಗು ಮೇಲೆತ್ತಿ, ಆಮೇಲೆ ಎಡಕ್ಕೆ ವಾಲಿ ಸೀದಾ ನೀರಿಗೆ. ಫಿರಂಗಿ ಗುಂಡು ತಗುಲಿ ಹಾಗಾಗಿರಬೇಕು ಅಂತ ಆಮೇಲೆ ಅಂದಾಜು ಮಾಡಿದ್ರು. ಬೀಳೋಕೆ ಮುಂಚೆ ಕೋ-ಪೈಲಟ್ ಪಕ್ಕದ ವಿಮಾನದ ಕಡೆ ತಿರುಗಿ ಒಂದು ಸಲ ಸಲ್ಯೂಟ್ ಮಾಡಿದ. ಮೈಯೆಲ್ಲಾ ಬೆಂಕಿ ಹತ್ತಿರೋ ವಿಮಾನದ ಕಿಟಕಿಯಿಂದ. ಜೊತೆಗಿದ್ದ ವಿಮಾನಗಳು ಅಲ್ಲೇ ಸುತ್ತು ಹಾಕಿದ್ವು, ಯಾರಾದ್ರೂ ತೇಲ್ತಿದ್ದಾರಾ, ಒಂದು ಹಳದಿ ಜಾಕೆಟ್ ಆದ್ರೂ ಕಾಣುತ್ತಾ ಅಂತ. ಯಾರೂ ಕಾಣಲಿಲ್ಲ.

ಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯದಲ್ಲಿ ಸತ್ತವರನ್ನ ಹುಡುಕೋಕೇ ಇದ್ದ ಒಂದು ವಿಭಾಗ ನ್ಯೂಗಿನಿ ಕಾಡು, ತೀರ ಎಲ್ಲಾ ಜಾಲಾಡಿತು. 1948ರ ಕೊನೆಗೆ ಹುಡುಕಾಟ ನಿಲ್ಸಿದ್ರು. ಇವರ ಸುಳಿವು ಸಿಗಲಿಲ್ಲ, ವಾಪಸ್ ತರೋಕೆ ಆಗದವರು ಅಂತ ಬರೆದು ಫೈಲ್ ಮುಚ್ಚಿದ್ರು. ಹೆಸರುಗಳನ್ನ ಮನಿಲಾದಲ್ಲಿರೋ ಅಮೆರಿಕನ್ ಸ್ಮಶಾನದ ಗೋಡೆ ಮೇಲೆ ಕೆತ್ತಿದ್ರು. ಆ ಗೋಡೆಗಳ ಮೇಲೆ 36 ಸಾವಿರಕ್ಕೂ ಜಾಸ್ತಿ ಹೆಸರಿದೆ, ಎಲ್ಲಾ ಕಾಣೆಯಾದವರದ್ದೇ.

ಕಾಣೆಯಾಗೋದು ಅನ್ನೋದು ಸಾವಿಗಿಂತ ಬೇರೆ. ನಮ್ಮಲ್ಲಿ ದೇಹ ಸಿಗದೇ ಹೋದ್ರೆ ದರ್ಭೆಯಲ್ಲಿ ಮನುಷ್ಯನ ಆಕಾರ ಮಾಡಿ ಅದಕ್ಕೇ ಸಂಸ್ಕಾರ ಮಾಡ್ತಾರಲ್ಲ, ಚಿಕ್ಕವಳಿದ್ದಾಗ ಒಂದು ಸಲ ನೋಡಿದ್ದೆ, ಹುಲ್ಲಿಗೆ ಬೆಂಕಿ ಇಡೋದು ನೋಡಿ ಹೆದರಿದ್ದೆ. ಈಗ ಅನ್ಸುತ್ತೆ, ಅದು ಬದುಕಿರೋರಿಗೋಸ್ಕರ ಮಾಡೋದು. ಅದೂ ಇಲ್ಲದಿದ್ರೆ ಮನಸ್ಸು ಬಾಗಿಲ ಹತ್ರಾನೇ ನಿಂತುಬಿಡುತ್ತೆ. 2016ರಲ್ಲಿ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ನಮ್ಮ ಏರ್‌ಫೋರ್ಸ್ ಎಎನ್-32 ಬಂಗಾಳಕೊಲ್ಲಿ ಮೇಲೆ ಕಾಣೆಯಾಯ್ತಲ್ಲ, ಒಳಗೆ 29 ಜನ. ಅದರ ಚೂರುಗಳು ಸುಮಾರು 3,400 ಮೀಟರ್ ಆಳದಲ್ಲಿ ಇವೆ ಅಂತ ಗೊತ್ತಾಗಿದ್ದು 2024ರ ಜನವರಿಯಲ್ಲಿ. ಏಳೂವರೆ ವರ್ಷ ಆ ಮನೆಯವರು ಪ್ರತಿ ಫೋನ್ ರಿಂಗಿಗೂ ಹೇಗೆ ಎದ್ದು ಹೋಗಿರಬಹುದು.

ಟೆನಿಸನ್ ಹೆಂಡತಿ 96 ವರ್ಷ ಬದುಕಿದ್ರು. ಮತ್ತೆ ಮದುವೆ ಆಗಲಿಲ್ಲ. ಗಂಡ ಬರ್ತಾನೆ ಅನ್ನೋದನ್ನ ನಂಬೋದು ಒಂದು ದಿನಾನೂ ಬಿಡಲಿಲ್ಲ ಅಂತ ಅವರ ಮೊಮ್ಮಗ ಹೇಳಿದ್ದಾರೆ. ಡ್ಯಾರಿಗನ್ ಹೆಂಡತಿ ಮರುಮದುವೆ ಆದ್ರು, ಆದ್ರೆ ಅವನ ಫೋಟೋಗಳನ್ನೂ ಸಾವಿನ ಟೆಲಿಗ್ರಾಮನ್ನೂ ಯಾರಿಗೂ ಹೇಳದೆ ಜೋಪಾನವಾಗಿ ಇಟ್ಕೊಂಡಿದ್ರು. ಶೆಪಿಕ್‌ಗೆ ಹುಟ್ಟಿದ ಮಗ ಅಪ್ಪನನ್ನ ನೋಡಲೇ ಇಲ್ಲ, ಅವನೂ ಹೈಸ್ಕೂಲಲ್ಲಿರುವಾಗಲೇ ಕ್ಯಾನ್ಸರಿಂದ ತೀರಿಕೊಂಡ. ಆ ತಾಯಿ ಬಗ್ಗೆ ಏನು ಬರೀಬೇಕೋ ನಂಗೆ ಗೊತ್ತಾಗ್ತಿಲ್ಲ.

ಇನ್ನು ಸಿಕ್ಕಿದ್ದು ಹೇಗೆ ಅನ್ನೋದು. ಕೆಲ್ಲಿಯ ಕಡೆ ಒಬ್ಬ ಸಂಬಂಧಿ, ಇಲಿನಾಯ್ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್. 2013ರಲ್ಲಿ ಮೆಮೋರಿಯಲ್ ಡೇ, ಅಂದ್ರೆ ಅಲ್ಲಿ ಸತ್ತ ಸೈನಿಕರನ್ನ ನೆನೆಯೋ ದಿನ, ಹತ್ರ ಬಂದಾಗ ತಾಯಿಯನ್ನ ಕೇಳಿದ್ರು, ನಮ್ಮ ಮನೆಯಲ್ಲಿ ಯುದ್ಧದಲ್ಲಿ ಹೋದವರು ಯಾರ್ಯಾರು ಅಂತ. ತಾಯಿ ತನ್ನ ಕಸಿನ್ ಥಾಮಸ್ ಹೆಸರು ಹೇಳಿದ್ರು. ಚಿಕ್ಕವರಿದ್ದಾಗ ಆ ಹೆಸರಿನ ಕಲ್ಲು ನೋಡಿದ್ದು ನೆನಪಾಯ್ತು, ಕಲ್ಲಿನ ಮೇಲೆ ಬಾಂಬರ್ ವಿಮಾನದ ಚಿತ್ರ ಕೆತ್ತಿತ್ತು, ಕೆಳಗೆ ಯಾರೂ ಇರಲಿಲ್ಲ. ಅಲ್ಲಿಂದ ಶುರು. ನಾಲ್ಕು ವರ್ಷ ಅವರೂ ಮನೆಯವರೂ ಸೇರಿ ಹಳೇ ಮಿಷನ್ ರಿಪೋರ್ಟ್, ಫೋಟೋ, ನೋಡಿದವರ ಹೇಳಿಕೆ ಎಲ್ಲಾ ಕೂಡಿ ಹಾಕಿದ್ರು. ಒಬ್ಬ ಹೇಳಿದ್ದು ಒಂದು ಕಡೆ, ಇನ್ನೊಬ್ಬ ಹೇಳಿದ್ದು ಇನ್ನೊಂದು ಕಡೆ, ಆಕಾಶದಲ್ಲಿ ಬೆಂಕಿ ಗುಂಡಿನ ಮಧ್ಯೆ ಹಾರ್ತಿರೋರು ಯಾರು ತಾನೇ ಜಾಗ ಸರಿಯಾಗಿ ಗುರುತು ಇಟ್ಕೊಳ್ತಾರೆ. ಕೊನೆಗೆ ಎಲ್ಲವನ್ನೂ ತೂಗಿ ನೋಡಿ, ಅವಾರ್ ಪಾಯಿಂಟ್ ಅನ್ನೋ ಭೂಶಿರದ ಆಚೆ ಬಿದ್ದಿರಬೇಕು ಅಂತ ಒಂದು ರಿಪೋರ್ಟ್ ಬರೆದ್ರು. ಹುಡುಕಿದ್ದು ಸರ್ಕಾರ ಅಲ್ಲ, ಮನೆಯವರು. ನಂಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಆ ರಿಪೋರ್ಟ್ ಪ್ರಾಜೆಕ್ಟ್ ರಿಕವರ್ ಅನ್ನೋ ಸಂಸ್ಥೆ ಕೈ ಸೇರಿತು, ಕಾಣೆಯಾದ ಸೈನಿಕರನ್ನ ನೀರಿನಡಿ ಹುಡುಕೋದೇ ಅವರ ಕೆಲಸ, ಸ್ಕ್ರಿಪ್ಸ್ ಸಮುದ್ರವಿಜ್ಞಾನ ಸಂಸ್ಥೆಯವರು ಅವರ ಜೊತೆಗಿದ್ದಾರೆ. 2017ರ ಅಕ್ಟೋಬರಲ್ಲಿ ಹಾನ್ಸಾ ಕೊಲ್ಲಿಯಲ್ಲಿ ಸೋನಾರ್ ಬಿಟ್ಟು, ಅಂದ್ರೆ ನೀರೊಳಗೆ ಶಬ್ದ ಕಳಿಸಿ ವಾಪಸ್ ಬರೋ ಪ್ರತಿಧ್ವನಿಯಿಂದ ತಳದ ಚಿತ್ರ ತೆಗೆದು, ಹೊಲ ಉಳೋ ಥರ ಸಾಲು ಸಾಲಾಗಿ ಸುಮಾರು 27 ಚದರ ಕಿಲೋಮೀಟರ್ ತಳ ನೋಡಿದ್ರು. ಆ ಕೊಲ್ಲಿ ತುಂಬಾ ಮುಳುಗಿದ ಜಪಾನಿ ಹಡಗುಗಳೇ ಇವೆ, ಅವುಗಳ ಮಧ್ಯೆ ಇದನ್ನ ಹುಡುಕಬೇಕಿತ್ತು. 200 ಅಡಿಗಿಂತ ಆಳದಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು.

ಸಿಕ್ಕ ತಕ್ಷಣ ಹೋಗಿ ತರೋಕಾಗಲ್ಲ. 200 ಅಡಿ ಆಳದಲ್ಲಿ ಮೈ ಮೇಲೆ ಮಾಮೂಲಿಗಿಂತ ಏಳು ಪಟ್ಟು ಒತ್ತಡ. ಸಾಮಾನ್ಯ ಡೈವರ್ ಅಲ್ಲಿ ಕೆಲವೇ ನಿಮಿಷ ಕೆಲಸ ಮಾಡಬಹುದು, ಆಮೇಲೆ ಮೇಲಕ್ಕೆ ನಿಧಾನಕ್ಕೆ ಬರಬೇಕು, ಅವಸರ ಮಾಡಿದ್ರೆ ರಕ್ತದಲ್ಲಿ ಕರಗಿರೋ ಗಾಳಿ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಗುಳ್ಳೆಯಾಗಿ ಪ್ರಾಣಕ್ಕೇ ಬರುತ್ತೆ. ಅದಕ್ಕೆ ಬೇರೆ ಒಂದು ಉಪಾಯ ಇದೆ. ಹಡಗಿನ ಮೇಲೇ ಒಂದು ಕಬ್ಬಿಣದ ಕೋಣೆ, ಅದರೊಳಗೆ ಸಮುದ್ರದ ತಳದಷ್ಟೇ ಒತ್ತಡ. ಡೈವರ್‌ಗಳು ದಿನಗಟ್ಟಲೆ ಅದರಲ್ಲೇ ಊಟ, ಅದರಲ್ಲೇ ನಿದ್ದೆ, ಉಸಿರಾಡೋ ಗಾಳಿಯಲ್ಲಿ ಹೀಲಿಯಂ. ಅಲ್ಲಿಂದ ಒಂದು ಗಂಟೆ ಆಕಾರದ ತೊಟ್ಟಿಯಲ್ಲಿ ಕೂತು ತಳಕ್ಕೆ ಇಳೀತಾರೆ, ಗಂಟೆಗಟ್ಟಲೆ ಕೆಲಸ ಮಾಡ್ತಾರೆ, ವಾಪಸ್ ಬಂದು ಅದೇ ಕೋಣೆ ಸೇರ್ತಾರೆ. ಎಲ್ಲಾ ಮುಗಿದ ಮೇಲೆ ಒಂದೇ ಸಲ, ದಿನಗಳ ಲೆಕ್ಕದಲ್ಲಿ ಒತ್ತಡ ಇಳಿಸಿ ಆಚೆ ಬಿಡ್ತಾರೆ. ಕಾಣೆಯಾದ ಸೈನಿಕರ ಲೆಕ್ಕ ನೋಡ್ಕೊಳ್ಳೋ ಅಮೆರಿಕ ಸರ್ಕಾರದ ಡಿಪಿಎಎ ಅನ್ನೋ ಇಲಾಖೆ, ನೌಕಾಪಡೆ ಡೈವರ್‌ಗಳ ಜೊತೆ, ಇಷ್ಟು ಆಳದಲ್ಲಿ ಅಸ್ಥಿ ತರೋ ಕೆಲಸ ಮಾಡಿದ್ದು ಅದೇ ಮೊದಲು. ಇಷ್ಟೊಂದು ಖರ್ಚು, ಇಷ್ಟೊಂದು ಪಾಡು ಸತ್ತವರಿಗೆ ಯಾಕೆ ಅಂತ ಕೇಳೋರು ಇರ್ತಾರೆ. ನಂಗಂತೂ ಆ ಪ್ರಶ್ನೆ ಬರಲೇ ಇಲ್ಲ. 21 ವರ್ಷದ ಹುಡುಗನನ್ನ ಅಲ್ಲಿಗೆ ಕಳಿಸಿದವರು ಅವನನ್ನ ವಾಪಸ್ ಕರ್ಕೊಂಡು ಬರಬೇಕು.

2023ರ ಮಾರ್ಚ್ 9ರಿಂದ ಏಪ್ರಿಲ್ 13ರ ತನಕ ಕೆಲಸ ನಡೀತು. ತಾರೀಖು ನೋಡಿ. ಮಾರ್ಚ್ 11 ಆ ದಿನಗಳ ಒಳಗೇ ಬಂತು. ವಿಮಾನ ಬಿದ್ದು ಸರಿಯಾಗಿ 79 ವರ್ಷ ತುಂಬಿದ ದಿನ ಅವರನ್ನ ಹುಡುಕ್ಕೊಂಡು ಬಂದವರು ಅದೇ ನೀರಿನ ಮೇಲೆ ಇದ್ರು.

ತಳದ ಕೆಸರನ್ನ ಮೇಲೆತ್ತಿ ಜರಡಿ ಹಿಡಿದು ನೋಡಿದಾಗ ಸಿಕ್ಕಿದ್ದು ಎಲುಬಿನ ಚೂರುಗಳು, ಪ್ರಾಣ ಉಳಿಸೋ ಸಾಮಾನುಗಳು, ಬಿಲ್ಲೆಗಳು. ಕೆಲ್ಲಿಯ ಉಂಗುರ ಸಿಕ್ತು. ಅದರ ಹರಳು ಹೋಗಿಬಿಟ್ಟಿತ್ತು, ಕೂರಿಸಿದ್ದ ಜಾಗ ಮಾತ್ರ ಖಾಲಿ, ಆದ್ರೆ ಬಾಂಬಾರ್ಡಿಯರ್ ಅಂತ ಕೆತ್ತಿದ್ದು ಇನ್ನೂ ಓದೋ ಹಾಗೇ ಇತ್ತು. ಆ ಕೆಲಸ ಕಲಿತಾಗ ಎಷ್ಟು ಖುಷಿಯಿಂದ ಹಾಕ್ಕೊಂಡಿದ್ದನೋ. ಆಮೇಲೆ ಡ್ಯಾರಿಗನ್‌ನ ಬಿಲ್ಲೆ, ಮೊದಲೇ ಹೇಳಿದೆನಲ್ಲ ಅದು, ಹೆಂಡತಿ ಹೆಸರು ಇರೋದು. ಬಿಲ್ಲೆ ಬಗ್ಗೆ ಇನ್ನೊಂದು ವಿಷಯ ಓದಿ ಗೊತ್ತಾಯ್ತು. ಅಮೆರಿಕದ ಸೈನ್ಯ ಬಿಲ್ಲೆ ಮೇಲೆ ಮನೆಯವರ ಹೆಸರು ವಿಳಾಸ ಒತ್ತುತ್ತಾ ಇದ್ದಿದ್ದು 1943ರ ಜುಲೈ ತನಕ ಮಾತ್ರ, ಆಮೇಲೆ ಅದನ್ನ ನಿಲ್ಲಿಸಿಬಿಟ್ರು, ಬರೀ ಸೈನಿಕನ ಹೆಸರು, ನಂಬರ್, ರಕ್ತದ ಗುಂಪು, ಧರ್ಮ ಇಂಥವು ಉಳಿದ್ವು. ಹೊಸ ರೀತಿಯ ಬಿಲ್ಲೆ ಅವನ ಕೊರಳಲ್ಲಿ ಇದ್ದಿದ್ರೆ ಆ ಹೆಸರು ಅವನ ಜೊತೆ ತಳದಲ್ಲಿ ಇರ್ತಾನೇ ಇರಲಿಲ್ಲ.

ಲ್ಯಾಬಲ್ಲಿ ಹಲ್ಲು ನೋಡಿದ್ರು, ಎಲುಬು ಅಳೆದ್ರು, ಮನೆಯವರ ಡಿಎನ್‌ಎ ಜೊತೆ ಹೋಲಿಸಿದ್ರು, 2024ರಲ್ಲಿ ನಾಲ್ಕು ಹೆಸರು ಖಚಿತ ಆಯ್ತು. ಡ್ಯಾರಿಗನ್, ಕೆಲ್ಲಿ, ಶೆಪಿಕ್, ಟೆನಿಸನ್. ಮನಿಲಾದ ಗೋಡೆಯಲ್ಲಿ ಹೀಗೆ ಸಿಕ್ಕವರ ಹೆಸರಿನ ಪಕ್ಕ ಒಂದು ಪುಟ್ಟ ಹೂವಿನಾಕಾರದ ಗುರುತು ಕೂರಿಸ್ತಾರೆ, ಇವನು ಸಿಕ್ಕ ಅಂತ ಅರ್ಥ. ಹೆಸರು ಅಳಿಸಲ್ಲ.

ಇದನ್ನೆಲ್ಲ ನಾನು ಅಜ್ಜಿಗೆ ಓದಿ ಹೇಳಿದೆ. ತಾತ ಹೋಗಿ 14 ವರ್ಷ ಆಯ್ತು, ಅಜ್ಜಿಗೆ ಈಗ 90 ಆಗ್ತಾ ಬಂತು, ಕಿವಿ ಮಂದ, ಜೋರಾಗಿ ಓದಬೇಕು. ಲಿಬರೇಟರ್ ಅಂದ ಕೂಡಲೇ ಎದ್ದು ಹೋಗಿ ಬೀರುವಿಂದ ಒಂದು ಹಳೇ ಪೌಡರ್ ಡಬ್ಬಿ ತಂದ್ರು. ಅದರೊಳಗೆ ತಾತನ ಹಿತ್ತಾಳೆ ಟೋಕನ್, ಗೇಟಲ್ಲಿ ಕೊಟ್ಟು ಒಳಗೆ ಹೋಗ್ತಿದ್ದಿದ್ದು, ಅದರ ಮೇಲೆ ನಂಬರ್ ಅಷ್ಟೇ. ನಾನು ಓದಿ ಮುಗಿಸೋ ತನಕ ಅದನ್ನ ಕೈಯಲ್ಲೇ ಹಿಡ್ಕೊಂಡು ಹೆಬ್ಬೆರಳಲ್ಲಿ ಉಜ್ಜುತ್ತಾ ಕೂತಿದ್ರು. ಟೆನಿಸನ್ ಹೆಂಡತಿ ಕಾಯ್ತಿದ್ರು ಅನ್ನೋ ಭಾಗ ಬಂದಾಗ ನನ್ನ ತಡೆದ್ರು.

"ಅವಳಿಗೆ ಗೊತ್ತಾಯ್ತಾ ಕೊನೆಗೆ?"

"ಇಲ್ಲ ಅಜ್ಜಿ. ವಿಮಾನ ಸಿಕ್ಕಿದ್ದು 2017ರ ಅಕ್ಟೋಬರ್. ಅವರು ಅದೇ ವರ್ಷ, ಕೆಲವು ತಿಂಗಳು ಮುಂಚೆ ತೀರಿಕೊಂಡ್ರು."

ಅಜ್ಜಿ ಏನೂ ಮಾತಾಡಲಿಲ್ಲ. ಹೊರಗೆ ಪಕ್ಕದ ಮನೆ ಹುಡುಗರು ಕ್ರಿಕೆಟ್ ಆಡ್ತಿದ್ದ ಸದ್ದು ಬರ್ತಾ ಇತ್ತು. ಸ್ವಲ್ಪ ಹೊತ್ತು ಆದ್ಮೇಲೆ ಕೇಳಿದ್ರು, "ಈಗ ಅವನನ್ನ ಎಲ್ಲಿ ಇಡ್ತಾರಂತೆ?"

ಅದಕ್ಕೆ ಉತ್ತರ ಇತ್ತು, ಹೇಳೋಕೆ ನಂಗೂ ಸಮಾಧಾನ ಆಯ್ತು. ವಿಚಿಟಾದಲ್ಲಿ ಹೆಂಡತಿ ಪಕ್ಕದಲ್ಲೇ. ಜೂನ್ 27ಕ್ಕೆ ದಿನ ಗೊತ್ತು ಮಾಡಿದ್ದಾರೆ ಅಂದೆ. ಅಜ್ಜಿ "ಹಾಂ, ಹಾಗಾದ್ರೆ ಸರಿ" ಅಂದು ಟೋಕನ್ ಡಬ್ಬಿಗೆ ಹಾಕಿ ಮುಚ್ಚಿದ್ರು.

ಡ್ಯಾರಿಗನ್‌ನ ಅವನ ಊರು ವಾಪಿಂಗರ್ಸ್ ಫಾಲ್ಸ್‌ನಲ್ಲಿ ಮೇ 24ರ ಶನಿವಾರ ಮಣ್ಣು ಮಾಡಿದ್ರು, ನ್ಯೂಯಾರ್ಕ್ ರಾಜ್ಯದ ಸಣ್ಣ ಊರು ಅದು. ಇನ್ನೂರಕ್ಕೂ ಹೆಚ್ಚು ಜನ ಬಂದಿದ್ರು, ಕೆಲವರು ದಾರಿ ಪಕ್ಕ ಧ್ವಜ ಹಿಡಿದು ನಿಂತಿದ್ರು, ಅವರಲ್ಲಿ ಎಷ್ಟು ಜನ ಅವನನ್ನ ನೋಡಿರೋಕೆ ಸಾಧ್ಯ. ಆ ಫೋಟೋದಲ್ಲಿ ಎತ್ಕೊಂಡಿದ್ದ ಮಗ 2020ರಲ್ಲೇ ಹೋಗಿಬಿಟ್ಟಿದ್ದ. ಮಡಚಿದ ಧ್ವಜವನ್ನ ತಗೊಂಡಿದ್ದು 85 ವರ್ಷದ ಒಬ್ಬರು ಸೊಸೆ, ಅಂದ್ರೆ ಒಡಹುಟ್ಟಿದವರ ಮಗಳು. ಕೆಲ್ಲಿಗೆ ಮೆಮೋರಿಯಲ್ ಡೇ ದಿನವೇ, ಲಿವರ್‌ಮೋರ್‌ನಲ್ಲಿ, ಅವನ ಮನೆ ಮುಂದೆ, ಅವನು ಓದಿದ ಹೈಸ್ಕೂಲ್ ಮುಂದೆ ಮೆರವಣಿಗೆ ಹೋಗಿ, ಆ ವಿಮಾನ ಕೆತ್ತಿದ ಕಲ್ಲಿನ ಪಕ್ಕದಲ್ಲೇ ಅಂತ ಏರ್ಪಾಡಾಗಿತ್ತು. ಶೆಪಿಕ್‌ಗೆ ಪೆನ್ಸಿಲ್ವೇನಿಯಾದ ಕೋಲ್ ಸೆಂಟರ್‌ನಲ್ಲಿ ಅಪ್ಪ ಅಮ್ಮನ ಹತ್ರ ಜಾಗ.

ಉಳಿದ ಏಳು ಜನ ಇನ್ನೂ ಸಿಕ್ಕಿಲ್ಲ. ಡಿಪಿಎಎ ಇನ್ನೊಂದು ಸಲ ಅಲ್ಲಿಗೆ ಹೋಗಬಹುದು ಅಂತ ಇದೆ. ಹೋಗಲಿ ಅಂತ ನಾನು ದಿನಾ ಅಂದ್ಕೊಳ್ತೀನಿ. ಕಿಟಕಿಯಿಂದ ಸಲ್ಯೂಟ್ ಮಾಡಿದ ಕೋ-ಪೈಲಟ್ ಆ ಏಳು ಜನರಲ್ಲಿ ಒಬ್ಬ.